ಋಣವೋ ದಾನವೋ: ಕಟ್ಟಡ ಉದ್ಯಮದ ಸಾಮಾಜಿಕ ಹೊಣೆ

ಪುಣೆಯಿಂದ ಅಹಿಲ್ಯಾನಗರದ ಕಡೆಗೆ, ಅಂದರೆ ನಿನ್ನೆಮೊನ್ನೆಯವರೆಗೆ ನಾವು ಅಹಮದನಗರ ಎನ್ನುತ್ತಿದ್ದ ಊರಿನ ಕಡೆಗೆ, ಹೊರಡುವ ಹೆದ್ದಾರಿಯ ಎಡಮಗ್ಗುಲಲ್ಲಿ ವಿಮಾನ ನಗರವಿದೆ. ಲೋಹಗಾಂವ್ ವಿಮಾನ ನಿಲ್ದಾಣದ ನೆರೆಯಲ್ಲಿ ಬೆಳೆದುದರಿಂದ ಆ ಹೆಸರು. ಇಂದು ಅಲ್ಲಿ ಸಾಫ್ಟ್‌ವೇರ್ ಸಂಸ್ಥೆಗಳ ಗಾಜಿನ ಸೌಧಗಳಿವೆ, ಸಿಂಬಯಾಸಿಸ್‌ನ ಕಾಲೇಜುಗಳಿವೆ, ದೊಡ್ಡ ಮಾಲ್ ಇದೆ, ನೂರಾರು ವಸತಿ ಸಂಕೀರ್ಣಗಳಿವೆ. ಹೊರನಾಡ ಕನ್ನಡಿಗರ ಒಂದು ಗಣನೀಯ ಪಾಲು ಅಲ್ಲಿಯೂ ಅದರಾಚೆಯ ಖರಾಡಿ, ವಾಘೋಲಿಗಳಲ್ಲಿಯೂ ಮನೆ ಮಾಡಿಕೊಂಡಿದೆ. ಕಟ್ಟುವ ಉದ್ಯಮದ ಕಚೇರಿಗಳೂ ಅಲ್ಲಿವೆ. 1986ರಲ್ಲಿ ಆರಂಭವಾಗಿ ಮುಂದೆ ಷೇರುಪೇಟೆಯನ್ನು ಪ್ರವೇಶಿಸಿದ ವಾಸ್ಕಾನ್ ಇಂಜಿನಿಯರ್ಸ್ ಕಂಪನಿಯ ಮುಖ್ಯ ಕಚೇರಿ ವಿಮಾನ ನಗರದ್ದೇ. ಗುತ್ತಿಗೆಯ ಮೇಲೆ ಇತರರಿಗೆ ಕಟ್ಟಿಕೊಡುವುದು, ತಾನೇ ಕಟ್ಟಿ ಮಾರುವುದು, ಇವೆರಡನ್ನೂ ಮಾಡುವ ಇಂಥ ಕಂಪನಿಗಳು ಪುಣೆಯಲ್ಲಿ ಹಲವಾರು. ಇವುಗಳಲ್ಲಿ ಷೇರುಪೇಟೆಯಲ್ಲಿ ಇರುವವು ಪ್ರತಿವರ್ಷ ಹೊರತರುವ ವರದಿಯಲ್ಲಿ ‘ಸಾಮಾಜಿಕ ಹೊಣೆಗಾರಿಕೆ’ ಎಂಬ ಒಂದು ಅನುಬಂಧವಿರುತ್ತದೆ. ಈಚಿನ ವರ್ಷಗಳಲ್ಲಿ ‘ಸುಸ್ಥಿರತೆ’ ಎಂಬ ಇನ್ನೊಂದು ಅಧ್ಯಾಯವೂ ಸೇರಿಕೊಂಡಿದೆ. ಈ ಎರಡು ಪದಗಳ ಬಗ್ಗೆ, ಯಾವುದೇ ಒಂದು ಕಂಪನಿಯ ಮೇಲೆ ದೂರು ಹೊರಿಸದೆ, ಒಟ್ಟು ಉದ್ಯಮದ ರೀತಿಯನ್ನು ಎದುರಿಗಿಟ್ಟುಕೊಂಡು, ಒಂದು ಮಾತನ್ನು ಹೇಳಬೇಕಾಗಿದೆ.

ಮಾತು ಇಷ್ಟೇ. ಕಟ್ಟಡ ಕಟ್ಟುವ ಕಂಪನಿಯೊಂದರ ಸಾಮಾಜಿಕ ಹೊಣೆ ತನ್ನ ಕಾಮಗಾರಿಯ ತಗಡಿನ ಬೇಲಿಯೊಳಗೆ ಆರಂಭವಾಗಬೇಕು. ಬೇಲಿಯೊಳಗಿನ ಋಣವನ್ನು ತೀರಿಸದೆ ಬೇಲಿಯ ಹೊರಗೆ ಮಾಡುವ ಯಾವ ಸತ್ಕಾರ್ಯವನ್ನೂ ಹೊಣೆಗಾರಿಕೆ ಎಂದು ಕರೆಯಲಾಗದು. ಇನ್ನೂ ಕೆಟ್ಟದ್ದೆಂದರೆ, ಕಾನೂನು ಈಗಾಗಲೇ ವಿಧಿಸಿರುವ ಋಣವನ್ನೇ ದಾನವೆಂಬ ಹೆಸರಿನಲ್ಲಿ ಪ್ರಕಟಿಸುವುದು.

ಬೇಲಿಯೊಳಗೆ ಇರುವವರು ಯಾರು? ಬಿಹಾರ, ಛತ್ತೀಸಗಢ, ಜಾರ್ಖಂಡ, ಪಶ್ಚಿಮ ಬಂಗಾಳಗಳವರು ಇದ್ದಾರೆ. ಮರಾಠವಾಡದವರೂ ವಿದರ್ಭದವರೂ ಇದ್ದಾರೆ. ಅವರ ನಡುವೆ ನಮ್ಮವರೂ ಇದ್ದಾರೆ. ಕಲಬುರಗಿ, ಯಾದಗಿರಿ, ವಿಜಯಪುರ, ಬೀದರ್ ಜಿಲ್ಲೆಗಳ ಹಳ್ಳಿಗಳಿಂದ, ಅಲ್ಲಿನ ಲಂಬಾಣಿ ತಾಂಡಾಗಳಿಂದ, ತೊಗರಿ ಕೊಯ್ಲು ಮುಗಿದ ಮೇಲೆ ಗುಳೆ ಹೊರಡುವ ಕುಟುಂಬಗಳು ಪುಣೆ, ಮುಂಬಯಿ, ಗೋವಾ, ಹೈದರಾಬಾದು, ಬೆಂಗಳೂರುಗಳಿಗೆ ಹೋಗುವುದು ಎರಡು ಮೂರು ತಲೆಮಾರುಗಳ ಕಥೆ. ‘ಗುಳೆ’ ಎಂಬ ಶಬ್ದಕ್ಕೆ ಉತ್ತರ ಕರ್ನಾಟಕದ ಕಿವಿಯಲ್ಲಿರುವ ಭಾರ ‘ವಲಸೆ’ ಎಂಬ ಪುಸ್ತಕದ ಶಬ್ದಕ್ಕೆ ಇಲ್ಲ. ಮನೆಗೆ ಬೀಗ ಹಾಕಿ, ಮುದುಕರನ್ನು ಬಿಟ್ಟು, ಹಾಲುಗೂಸನ್ನು ಕಂಕುಳಲ್ಲಿಟ್ಟುಕೊಂಡು ಹೊರಡುವುದು ಗುಳೆ. ಮುಂಗಡ ಕೊಟ್ಟು ಕರೆತರುವವನು ಮುಕಾದಮ. ವಾರಕ್ಕೊಮ್ಮೆ ಕೈಗೆ ಬರುವುದು ‘ಖರ್ಚಿ’, ಅಂದರೆ ಸಂತೆಗೆ ಸಾಲುವಷ್ಟು ಹಣ. ಉಳಿದ ಲೆಕ್ಕ ಊರಿಗೆ ಹೊರಡುವ ದಿನ. ಆ ಲೆಕ್ಕ ಸರಿಹೊಂದುತ್ತದೆಯೋ ಇಲ್ಲವೋ ಎಂಬುದು ಮುಕಾದಮನ ವಹಿಗೆ ಬಿಟ್ಟದ್ದು.

ಬೇಲಿಯ ಈಚೆಗೂ ಕನ್ನಡಿಗರೇ ಇದ್ದೇವೆ ಎಂಬುದು ಈ ಪ್ರಶ್ನೆಯನ್ನು ನಮಗೆ ಹತ್ತಿರವಾಗಿಸುತ್ತದೆ. ಅದೇ ಕಂಪನಿಗಳಲ್ಲಿ ಇಂಜಿನಿಯರುಗಳಾಗಿ, ಲೆಕ್ಕಿಗರಾಗಿ, ವಾಸ್ತುಶಿಲ್ಪಿಗಳಾಗಿ ನಮ್ಮವರು ದುಡಿಯುತ್ತಾರೆ. ಅದೇ ಕಟ್ಟಡಗಳಲ್ಲಿ ಮನೆ ಕೊಳ್ಳುತ್ತೇವೆ. ಗೃಹ ಸಂಘಗಳ ಸಮಿತಿಗಳಲ್ಲಿ ಕುಳಿತು ನೀರಿನ ಟ್ಯಾಂಕರಿನ ಲೆಕ್ಕ ನೋಡುತ್ತೇವೆ. ರಾಜ್ಯೋತ್ಸವದ ದಿನ ವೇದಿಕೆಯ ಮೇಲೆ ‘ಪುಣೆಯಲ್ಲಿ ಇಷ್ಟು ಲಕ್ಷ ಕನ್ನಡಿಗರಿದ್ದಾರೆ’ ಎಂದು ಸಾರುವಾಗ ಬೇಲಿಯೊಳಗಿನವರನ್ನೂ ಸೇರಿಸಿಕೊಂಡೇ ಎಣಿಸುತ್ತೇವೆ. ಊಟದ ಪಂಕ್ತಿಯಲ್ಲಿ ಮಾತ್ರ ಅವರು ಕಾಣಿಸುವುದಿಲ್ಲ.

ಇನ್ನು ಕಾನೂನಿನ ಮಾತು. 1996ರಲ್ಲಿ ಸಂಸತ್ತು ಕಟ್ಟಡ ಮತ್ತು ಇತರ ನಿರ್ಮಾಣ ಕಾರ್ಮಿಕರಿಗಾಗಿ ಎರಡು ಕಾಯಿದೆಗಳನ್ನು ಮಾಡಿತು. ಒಂದು ಕಾಯಿದೆ ಕುಡಿಯುವ ನೀರು, ಶೌಚಾಲಯ, ಬಾಡಿಗೆಯಿಲ್ಲದ ತಾತ್ಕಾಲಿಕ ವಸತಿ, ಅದರಲ್ಲಿ ಪ್ರತ್ಯೇಕ ಅಡಿಗೆ ಮತ್ತು ಸ್ನಾನದ ಅನುಕೂಲ, 50ಕ್ಕಿಂತ ಹೆಚ್ಚು ಮಹಿಳಾ ಕಾರ್ಮಿಕರಿದ್ದಲ್ಲಿ 6 ವರ್ಷದೊಳಗಿನ ಮಕ್ಕಳಿಗೆ ಶಿಶುಗೃಹ, ಇವನ್ನೆಲ್ಲ ಕಡ್ಡಾಯ ಮಾಡಿತು. ಗುತ್ತಿಗೆದಾರ ಕೂಲಿ ಕೊಡದಿದ್ದರೆ ಮಾಲಿಕನೇ ಕೊಡತಕ್ಕದ್ದು ಎಂದಿತು. ಇನ್ನೊಂದು ಕಾಯಿದೆ ನಿರ್ಮಾಣ ವೆಚ್ಚದ ಮೇಲೆ ಶೇಕಡಾ 1ರಿಂದ 2ರವರೆಗೆ ಸೆಸ್ ಎತ್ತಿ ಅದನ್ನು ಕಾರ್ಮಿಕ ಕಲ್ಯಾಣ ಮಂಡಳಿಗೆ ಕೊಡುವಂತೆ ಮಾಡಿತು. ವ್ಯವಹಾರದಲ್ಲಿ ಎಲ್ಲ ಕಡೆಯೂ ಶೇಕಡಾ 1 ಎಂದೇ ನಿಂತಿತು. ರಾಜ್ಯಗಳು ಎಚ್ಚರಗೊಳ್ಳಲು ಇನ್ನೊಂದು ದಶಕ ಹಿಡಿಯಿತು: ಕರ್ನಾಟಕದ ನಿಯಮಗಳು ಬಂದದ್ದು 2006ರಲ್ಲಿ, ಮಹಾರಾಷ್ಟ್ರದಲ್ಲಿ ಮಂಡಳಿ ಸರಿಯಾಗಿ ರೂಪುಗೊಂಡದ್ದು 2011ರಲ್ಲಿ. 2018ರ ಮಾರ್ಚಿಯಲ್ಲಿ ನ್ಯಾಯಮೂರ್ತಿ ಮದನ್ ಲೋಕೂರ್ ಅವರ ಪೀಠ ಈ ಕುರಿತ ದಾವೆಯಲ್ಲಿ ತೀರ್ಪು ಕೊಟ್ಟಾಗ ದೇಶದಾದ್ಯಂತ ಸಂಗ್ರಹವಾಗಿದ್ದ ಸೆಸ್ 37,400 ಕೋಟಿ ರೂಪಾಯಿಗಳನ್ನು ಮೀರಿತ್ತು. ಕಾರ್ಮಿಕರಿಗಾಗಿ ಖರ್ಚಾಗಿದ್ದದ್ದು ಸುಮಾರು 9,500 ಕೋಟಿ. ಕೆಲವೆಡೆ ಆ ಹಣದಲ್ಲಿ ಬಟ್ಟೆ ಒಗೆಯುವ ಯಂತ್ರಗಳನ್ನೂ ಲ್ಯಾಪ್‌ಟಾಪುಗಳನ್ನೂ ಕೊಂಡದ್ದನ್ನು ನ್ಯಾಯಾಲಯ ಬೇಸರದಿಂದ ದಾಖಲಿಸಿತು. ನಳದಲ್ಲಿ ನೀರೇ ಇಲ್ಲದ ಕೊಟ್ಟಿಗೆಗೆ ಬಟ್ಟೆ ಒಗೆಯುವ ಯಂತ್ರ!

ಈ 1996ರ ಕಾಯಿದೆಗಳು ಈಗ ಪ್ರತ್ಯೇಕವಾಗಿ ಉಳಿದಿಲ್ಲ. 2025ರ ನವೆಂಬರ್ 21ರಿಂದ ಜಾರಿಗೆ ಬಂದ ನಾಲ್ಕು ಕಾರ್ಮಿಕ ಸಂಹಿತೆಗಳಲ್ಲಿ ಅವು ವಿಲೀನವಾಗಿವೆ. ಸೆಸ್ ಉಳಿದಿದೆ, ಶಿಶುಗೃಹದ ಕಟ್ಟಳೆ ಉಳಿದಿದೆ, ಅದೂ ಮಹಿಳೆಯರ ಸಂಖ್ಯೆಯನ್ನು ಮಾತ್ರ ನೋಡದೆ ಒಟ್ಟು ದುಡಿಯುವವರ ಸಂಖ್ಯೆಯನ್ನು ನೋಡುವಂತಾಗಿದೆ. ಹಾಗಾಗಿ ‘ಹಳೆಯ ಕಾಯಿದೆ ಹೋಯಿತು’ ಎಂದು ಯಾವ ಕಂಪನಿಯೂ ನಿಟ್ಟುಸಿರು ಬಿಡುವಂತಿಲ್ಲ.

ಇದಕ್ಕೆ ಎದುರಾಗಿ ಇಡಬೇಕಾದ್ದು 2013ರ ಕಂಪನಿ ಕಾಯಿದೆಯ 135ನೆಯ ವಿಧಿ. 500 ಕೋಟಿ ರೂಪಾಯಿಗಳ ನಿವ್ವಳ ಆಸ್ತಿ, ಇಲ್ಲವೆ 1,000 ಕೋಟಿಯ ವಹಿವಾಟು, ಇಲ್ಲವೆ 5 ಕೋಟಿಯ ನಿವ್ವಳ ಲಾಭವಿರುವ ಕಂಪನಿ ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದ ಶೇಕಡಾ 2ರಷ್ಟನ್ನು ಸಾಮಾಜಿಕ ಕಾರ್ಯಗಳಿಗೆ ಬಳಸಬೇಕೆಂದು ಅದು ಹೇಳುತ್ತದೆ. 2014ರ ಏಪ್ರಿಲ್ 1ರಿಂದ ಇದು ನಡೆದುಬಂದಿದೆ. 2022-23ರ ಒಂದೇ ವರ್ಷದಲ್ಲಿ ದೇಶದ ಕಂಪನಿಗಳೆಲ್ಲ ಸೇರಿ ಹೀಗೆ ಖರ್ಚು ಮಾಡಿದ್ದು ಸುಮಾರು 30 ಸಾವಿರ ಕೋಟಿ ರೂಪಾಯಿ. ಸಣ್ಣ ಮೊತ್ತವಲ್ಲ. ಇದರಿಂದ ಶಾಲೆಗಳಿಗೆ ಛಾವಣಿ ಬಂದಿದೆ, ಆಸ್ಪತ್ರೆಗಳಿಗೆ ಯಂತ್ರಗಳು ಬಂದಿವೆ, ಕೆರೆಗಳ ಹೂಳು ಎತ್ತಲಾಗಿದೆ. ಅದನ್ನು ಹಗುರಾಗಿ ಕಾಣುವುದು ನನ್ನ ಉದ್ದೇಶವಲ್ಲ.

ಆದರೆ ಇದರ ಹೊಲಿಗೆಯಲ್ಲಿ ಒಂದು ಬಿರುಕಿದೆ. ಬೇರೆ ಕಾನೂನುಗಳು ವಿಧಿಸಿದ ಕರ್ತವ್ಯವನ್ನು ನಿರ್ವಹಿಸಿದ ಖರ್ಚನ್ನು ಸಾಮಾಜಿಕ ಹೊಣೆಯ ಲೆಕ್ಕಕ್ಕೆ ಹಾಕಬಾರದೆಂದು ಕೇಂದ್ರ ಸರ್ಕಾರ 2014ರ ಜೂನ್ ತಿಂಗಳ ಸುತ್ತೋಲೆಯಲ್ಲೇ ಹೇಳಿತ್ತು. 2021ರ ಜನವರಿಯಲ್ಲಿ ಅದನ್ನು ನಿಯಮಗಳೊಳಗೇ ಬರೆಯಿತು. ತನ್ನ ನೌಕರರಿಗೆ ಮಾಡಿದ ಉಪಕಾರವೂ ಲೆಕ್ಕಕ್ಕಿಲ್ಲ. ಇದು ನ್ಯಾಯವಾದುದೇ. ತನ್ನ ಮನೆಯವರಿಗೆ ಅನ್ನ ಹಾಕಿ ಅನ್ನಛತ್ರ ನಡೆಸಿದೆನೆಂದು ಯಾರೂ ಹೇಳಿಕೊಳ್ಳುವಂತಾಗಬಾರದು. ಆದರೆ ಕಟ್ಟಡ ಕಂಪನಿಯ ಕಾಮಗಾರಿಯಲ್ಲಿ ಇಟ್ಟಿಗೆ ಹೊರುವವಳು ಯಾರ ನೌಕರಳು? ಕಂಪನಿಯ ಹಾಜರಿ ಪುಸ್ತಕದಲ್ಲಿ ಅವಳ ಹೆಸರಿಲ್ಲ. ಕಂಪನಿ ಗುತ್ತಿಗೆದಾರನಿಗೆ ಕೊಡುತ್ತದೆ, ಗುತ್ತಿಗೆದಾರ ಉಪಗುತ್ತಿಗೆದಾರನಿಗೆ, ಅವನು ಮುಕಾದಮನಿಗೆ. ಎಷ್ಟೋ ಸಂದರ್ಭಗಳಲ್ಲಿ ಗಂಡ ಹೆಂಡತಿ ‘ಜೋಡಿ’ಯಾಗಿ ಲೆಕ್ಕಕ್ಕೆ ಬರುತ್ತಾರೆ, ಕೂಲಿ ಗಂಡನ ಕೈಗೆ ಹೋಗುತ್ತದೆ. ಕಾನೂನು ಅವಳಿಗೆ ಸಲ್ಲಬೇಕಾದ್ದನ್ನು ಹೇಳುವಾಗ ಕಂಪನಿ ಗುತ್ತಿಗೆದಾರನ ಕಡೆಗೆ ಬೆರಳು ತೋರಿಸುತ್ತದೆ; ಅದೇ ಕಂಪನಿ ಅವಳ ಮಗುವಿಗೆ ಒಂದು ಪಾಟಿಯನ್ನೋ ಸ್ವೆಟರನ್ನೋ ಹಂಚಿದಾಗ ಅದು ‘ಸಮಾಜದ ದುರ್ಬಲ ವರ್ಗ’ಕ್ಕೆ ಮಾಡಿದ ಸೇವೆಯಾಗಿ ವರದಿಯಲ್ಲಿ ಚಿತ್ರಸಮೇತ ಅಚ್ಚಾಗುತ್ತದೆ. ಹಕ್ಕಿನ ವೇಳೆಗೆ ಪರಕೀಯಳು, ದಾನದ ವೇಳೆಗೆ ಫಲಾನುಭವಿ. ಗುತ್ತಿಗೆಯ ಈ ಮೂರು ನಾಲ್ಕು ಮೆಟ್ಟಿಲುಗಳು ಇಲ್ಲದಿದ್ದರೆ ಈ ಚಮತ್ಕಾರ ಸಾಧ್ಯವಾಗುತ್ತಿರಲಿಲ್ಲ.

ಸುಸ್ಥಿರತೆಯ ಅಧ್ಯಾಯಕ್ಕೆ ಬರೋಣ. ಅಲ್ಲಿ ಸೌರಫಲಕ, ಮಳೆಕೊಯ್ಲು, ಕೊಳಚೆ ನೀರಿನ ಶುದ್ಧೀಕರಣ, ಹಾರುಬೂದಿಯ ಇಟ್ಟಿಗೆ, ಹಸಿರು ಪ್ರಮಾಣಪತ್ರ ಇವುಗಳ ವಿವರ ಇರುತ್ತದೆ. ಹೈದರಾಬಾದಿನಲ್ಲಿ ಭಾರತೀಯ ಕೈಗಾರಿಕಾ ಒಕ್ಕೂಟದ ಸೊರಾಬ್ಜಿ ಗೋದ್ರೆಜ್ ಕೇಂದ್ರದ ಕಟ್ಟಡ 2003ರಲ್ಲಿ ಪ್ಲಾಟಿನಂ ದರ್ಜೆಯ ಹಸಿರು ಪ್ರಮಾಣಪತ್ರ ಪಡೆದಾಗ ಅದು ದೇಶದಲ್ಲಿ ಹೊಸ ಸಂಗತಿ. ಪುಣೆಯ ಹಡಪಸರದಲ್ಲಿ ಸುಜ್ಲಾನ್ ಕಂಪನಿಯ ‘ಒನ್ ಅರ್ಥ್’ ಆವರಣ ಬಂದ ಮೇಲೆ ಈ ಊರೂ ಆ ನಕ್ಷೆಯಲ್ಲಿ ಸೇರಿತು. ಈಗ ಹಸಿರು ಎಂಬುದು ಮಾರಾಟದ ಕರಪತ್ರದ ಸಾಮಾನ್ಯ ಬಣ್ಣ. ಕೊಳ್ಳುವವರಿಗೆ ವಿದ್ಯುತ್ ಬಿಲ್ಲು ತಗ್ಗುತ್ತದೆಯಾದ್ದರಿಂದ ಇದರಲ್ಲಿ ಕೇವಲ ಬೂಟಾಟಿಕೆಯಿದೆ ಎನ್ನುವುದೂ ತಪ್ಪಾದೀತು.

ಆದರೆ ನೀರಿನ ಮೂಲವನ್ನು ನೋಡಬೇಕು. ವಿಮಾನ ನಗರ, ವಡಗಾಂವ್ ಶೇರಿ, ಖರಾಡಿಗಳ ನಿವಾಸಿಗಳು ಬಹುಕಾಲ ಟ್ಯಾಂಕರುಗಳನ್ನು ನಂಬಿ ಬದುಕಿದರು. 2021ರ ಜನವರಿ 1ರಂದು ಭಾಮಾ ಆಸಖೇಡ ಯೋಜನೆ ಉದ್ಘಾಟನೆಯಾಗಿ ಪೂರ್ವ ಪುಣೆಗೆ ಆ ಜಲಾಶಯದ ನೀರು ಬಂತು. ಖೇಡ ತಾಲೂಕಿನಲ್ಲಿ ಭಾಮಾ ನದಿಗೆ ಕಟ್ಟಿದ ಈ ಅಣೆಕಟ್ಟೆಗಾಗಿ ಭೂಮಿ ಕಳೆದುಕೊಂಡ ರೈತರು ಪರಿಹಾರಕ್ಕಾಗಿ ವರ್ಷಗಟ್ಟಲೆ ಹೋರಾಡಿ, ಕೊಳವೆಯ ಕೆಲಸವನ್ನು ಮತ್ತೆ ಮತ್ತೆ ತಡೆದರು. ಭಾಮಾ ಹರಿದು ಸೇರುವುದು ಭೀಮೆಯನ್ನು. ವಿಮಾನ ನಗರದ ಬಳಸಿದ ನೀರು ಮುಳಾ-ಮುಠಾ ನದಿಗೆ ಇಳಿದು ಅದೂ ಭೀಮೆಯನ್ನೇ ಸೇರುತ್ತದೆ. ಭೀಮೆ ಉಜನಿಯನ್ನು ದಾಟಿ, ಪಂಢರಪುರವನ್ನು ಬಳಸಿ, ವಿಜಯಪುರ ಜಿಲ್ಲೆಯ ಅಂಚಿನಲ್ಲಿ, ಅಫಜಲಪುರದ ಹೊಲಗಳ ಪಕ್ಕದಲ್ಲಿ, ಗಾಣಗಾಪುರ ಸನ್ನತಿಗಳ ಮೂಲಕ ಯಾದಗಿರಿಯ ಕಡೆಗೆ ಸಾಗುತ್ತದೆ. ಅಂದರೆ ಬೇಲಿಯೊಳಗೆ ಇಟ್ಟಿಗೆ ಹೊರುವ ಕೂಲಿಗಾರನ ಊರು ಇದೇ ನದಿಯ ಕೆಳದಂಡೆಯಲ್ಲಿದೆ. ಬರದ ವರ್ಷ ಅಲ್ಲಿ ನದಿಯ ಪಾತ್ರ ಮರಳು ಕಾಣುವಂತೆ ಒಣಗುತ್ತದೆ, ಮೇಲಿನಿಂದ ನೀರು ಬಿಡಿರೆಂದು ಜನ ಚಳವಳಿ ಹೂಡುತ್ತಾರೆ. ನೆರೆಯ ವರ್ಷ, 2020ರ ಅಕ್ಟೋಬರಿನಲ್ಲಿಯೂ 2025ರ ಸೆಪ್ಟೆಂಬರಿನಲ್ಲಿಯೂ ಆದಂತೆ, ತೊಗರಿ ಹತ್ತಿಗಳು ಮುಳುಗುತ್ತವೆ. ಎರಡು ರೀತಿಯಲ್ಲೂ ಅವನು ಗುಳೆ ಹೊರಡಬೇಕು, ಅದೂ ನದಿಯ ಮೇಲ್ದಂಡೆಗೆ. ಕಂಪನಿ ಕಾಯಿದೆ ‘ಸ್ಥಳೀಯ ಪ್ರದೇಶ’ಕ್ಕೆ ಆದ್ಯತೆ ಕೊಡಿ ಎನ್ನುತ್ತದೆ. ಕಟ್ಟಡ ಕಂಪನಿಗೆ ತನ್ನ ದುಡಿಮೆಯನ್ನು ಒದಗಿಸುವ ಅಫಜಲಪುರ ಯಾಕೆ ಸ್ಥಳೀಯವಲ್ಲ? ನದಿಯಂತೂ ಒಂದೇ.

ಕಲ್ಲಿನ ಕಥೆಯೂ ಇದೇ. ನದಿಯ ಮರಳಿನ ಮೇಲೆ ನಿರ್ಬಂಧಗಳು ಬಿಗಿಯಾದ ಮೇಲೆ ಕಟ್ಟಡಗಳಿಗೆ ಒಡೆದ ಕಲ್ಲಿನ ಪುಡಿಯೇ ಮರಳಾಯಿತು. ವಿಮಾನ ನಗರದಿಂದ ಅದೇ ರಸ್ತೆಯಲ್ಲಿ ಮುಂದೆ ಹೋದರೆ ವಾಘೋಲಿಯ ಕಲ್ಲುಗಣಿಗಳು. ಅಲ್ಲಿ ಕಲ್ಲು ಒಡೆಯುವವರಲ್ಲಿ ವಡ್ಡರ ಸಮುದಾಯದವರು ಬಹಳ. ಅವರ ಮಕ್ಕಳಿಗಾಗಿ ‘ಸಂತುಲನ’ ಎಂಬ ಸಂಸ್ಥೆ ಗಣಿಗಳ ನಡುವೆಯೇ ‘ಪಾಷಾಣ ಶಾಲೆ’ಗಳನ್ನು ನಡೆಸಿದೆ. ವಡ್ಡ ಎಂಬ ಹೆಸರು ಬಂದಾಗ ನಮ್ಮ ಶೂನ್ಯಸಂಪಾದನೆಯ ಒಂದು ಪ್ರಸಂಗ ನೆನಪಾಗದಿರದು. ಸೊನ್ನಲಿಗೆಯಲ್ಲಿ, ಅಂದರೆ ಇಂದಿನ ಸೊಲ್ಲಾಪುರದಲ್ಲಿ, ಕೆರೆ ಕಟ್ಟಿಸುವುದರಲ್ಲಿ ಮುಳುಗಿದ್ದ ಸಿದ್ಧರಾಮನನ್ನು ಅಲ್ಲಮ ‘ವಡ್ಡರಾಮ’ ಎಂಬರ್ಥದಲ್ಲಿ ಕರೆದದ್ದು. ಅದನ್ನು ಕೇಳಿ ಕೆಲಸದವರು ಸಿಟ್ಟಿನಿಂದ ಅಲ್ಲಮನ ಮೇಲೆ ಕಲ್ಲು ತೂರಿದ್ದು. ಅಧ್ಯಾತ್ಮಿಕರು ಇದಕ್ಕೆ ಕೊಡುವ ಅರ್ಥ ಬೇರೆಯಾದೀತು. ನನಗೆ ಮಾತ್ರ ಕಟ್ಟಿಸುವವನನ್ನು ಕಟ್ಟುವವನ ಹೆಸರಿನಿಂದ ಕರೆದ ಆ ಕ್ಷಣ ಮುಖ್ಯವಾಗಿ ಕಾಣುತ್ತದೆ. ಇಂದಿನ ಕಟ್ಟಿಸುವವರಿಗೆ ಆ ಹೆಸರು ಅಂಟುವುದೇ ಇಲ್ಲ. ನಡುವೆ ಅಷ್ಟು ಗುತ್ತಿಗೆದಾರರಿದ್ದಾರೆ.

ಮಾಡಿದವರು ಯಾರೂ ಇಲ್ಲವೇ ಎಂದು ಓದುಗರು ಕೇಳಬಹುದು. ಇದ್ದಾರೆ. 1969ರಲ್ಲಿ, ಗಾಂಧಿ ಶತಮಾನೋತ್ಸವದ ಸಿದ್ಧತೆಗಾಗಿ ದೆಹಲಿಯ ರಾಜಘಾಟದ ಬಳಿ ಕಟ್ಟಡಗಳು ಏಳುತ್ತಿದ್ದಾಗ ಧೂಳಿನ ನಡುವೆ ಬಿದ್ದಿದ್ದ ಕೂಲಿಕಾರರ ಮಕ್ಕಳನ್ನು ಕಂಡ ಮೀರಾ ಮಹಾದೇವನ್ ಅಲ್ಲಿಯೇ ಒಂದು ಡೇರೆ ಹಾಕಿ ಶಿಶುಗೃಹ ತೆರೆದರು. ಕಾಮಗಾರಿ ಎಲ್ಲಿಗೆ ಹೋದರೆ ಅಲ್ಲಿಗೆ ಹೋಗುವ ಶಿಶುಗೃಹ, ಹೀಗಾಗಿ ‘ಮೊಬೈಲ್ ಕ್ರೆಷಸ್’. ಆ ಕೆಲಸ ಪುಣೆಗೂ ಬಂದು, ಮುಂದೆ ‘ತಾರಾ ಮೊಬೈಲ್ ಕ್ರೆಷಸ್’ ಎಂಬ ಸ್ವತಂತ್ರ ಸಂಸ್ಥೆಯಾಯಿತು. ರಜನಿ ಪರಾಂಜಪೆಯವರ ‘ಡೋರ್ ಸ್ಟೆಪ್ ಸ್ಕೂಲ್’ 1993ರಿಂದ ಪುಣೆಯ ಕಾಮಗಾರಿಗಳಲ್ಲಿ ತರಗತಿಗಳನ್ನು ನಡೆಸಿದೆ. ಇವುಗಳ ರೀತಿ ಸರಳ: ಬಿಲ್ಡರು ಜಾಗ, ಕೋಣೆ, ನೀರು, ವಿದ್ಯುತ್ತು ಮತ್ತು ಖರ್ಚಿನ ಒಂದು ಪಾಲು ಕೊಡಬೇಕು, ಸಂಸ್ಥೆ ಕಲಿತ ಕಾರ್ಯಕರ್ತೆಯರನ್ನು ಕೊಡುತ್ತದೆ. ಪುಣೆಯ ಕೆಲವು ಬಿಲ್ಡರುಗಳು ಇದನ್ನು ವರ್ಷಗಳಿಂದ, ಸದ್ದಿಲ್ಲದೆ, ಚೆನ್ನಾಗಿ ನಡೆಸಿಕೊಂಡು ಬಂದಿದ್ದಾರೆ. ಅವರಿಗೆ ನಮಸ್ಕಾರ. ಆದರೆ ಶಿಶುಗೃಹ ಕಾನೂನಿನ ಕಟ್ಟಳೆ ಎಂಬುದನ್ನು ಅವರೂ ಹೇಳಬೇಕು. ನಡೆಸಿದವನು ಉದಾರಿ ಎಂದಾದರೆ ನಡೆಸದವನು ಬರಿಯ ಅನುದಾರಿ ಎನಿಸಿಕೊಂಡು ಪಾರಾಗುತ್ತಾನೆ. ಅವನು ಕಾನೂನು ಮುರಿದವನು ಎಂಬುದು ಯಾರಿಗೂ ಹೊಳೆಯುವುದಿಲ್ಲ.

ಮುರಿದ ಕಾನೂನಿನ ಬೆಲೆ ಪುಣೆಗೆ ಗೊತ್ತು. 2019ರ ಜೂನ್ 29ರ ನಸುಕಿನಲ್ಲಿ ಕೊಂಢ್ವಾದಲ್ಲಿ ವಸತಿ ಸಂಕೀರ್ಣವೊಂದರ ಆವರಣ ಗೋಡೆ ಪಕ್ಕದ ಕಾಮಗಾರಿಯ ಕೂಲಿಕಾರರ ತಗಡಿನ ಗುಡಿಸಲುಗಳ ಮೇಲೆ ಕುಸಿದು ಮಕ್ಕಳೂ ಸೇರಿ 15 ಮಂದಿ ಸತ್ತರು. ಮೂರೇ ದಿನಗಳಲ್ಲಿ ಆಂಬೇಗಾಂವ್‌ನಲ್ಲಿ ಇನ್ನೊಂದು ಗೋಡೆ, 6 ಸಾವು. 2022ರ ಫೆಬ್ರವರಿ 3ರ ರಾತ್ರಿ, ವಿಮಾನ ನಗರಕ್ಕೆ ದೂರವಲ್ಲದ ಯರವಡಾ ಶಾಸ್ತ್ರಿನಗರದಲ್ಲಿ ಉಕ್ಕಿನ ಸರಳುಗಳ ಜಾಲ ಬಿದ್ದು 5 ಮಂದಿ. 2024ರ ಡಿಸೆಂಬರಿನಲ್ಲಿ ವಾಘೋಲಿಯ ಕೇಸನಂದ ಫಾಟಾದಲ್ಲಿ, ಕೆಲಸ ಹುಡುಕಿ ಅಮರಾವತಿಯ ಕಡೆಯಿಂದ ಬಂದು ಪಾದಚಾರಿ ದಾರಿಯ ಮೇಲೆ ಮಲಗಿದ್ದವರ ಮೇಲೆ ಡಂಪರ್ ಹರಿದು ಮೂವರು ಸತ್ತರು, ಅವರಲ್ಲಿ ಇಬ್ಬರು ಪುಟ್ಟ ಮಕ್ಕಳು. ಸತ್ತವರು ಬಿಹಾರದವರು, ಛತ್ತೀಸಗಢದವರು, ವಿದರ್ಭದವರು, ಕನ್ನಡಿಗರಲ್ಲ. ಹಾಗೆಂದು ನಮಗೆ ಸಂಬಂಧವಿಲ್ಲವೆನ್ನುವ ಕನ್ನಡಾಭಿಮಾನ ನನಗೆ ಅರ್ಥವಾಗುವುದಿಲ್ಲ. ಗೋಡೆ ಬೀಳುವಾಗ ಮಾತೃಭಾಷೆ ಕೇಳುವುದಿಲ್ಲ.

ಇದನ್ನು ಮರಾಠಿ ನೆಲದ ದೋಷವೆಂದು ಭಾವಿಸುವವರು ಸ್ವಲ್ಪ ತಡೆಯಬೇಕು. 2019ರ ಮಾರ್ಚಿ 19ರಂದು ಧಾರವಾಡದಲ್ಲಿ ಕಟ್ಟುತ್ತಿದ್ದ ಕಟ್ಟಡ ಕುಸಿದು 19 ಮಂದಿ ಸತ್ತರು. 2020ರ ಮೇ ತಿಂಗಳಲ್ಲಿ, ಲಾಕ್‌ಡೌನಿನ ನಡುವೆ ಕಂಗಾಲಾದ ಹೊರರಾಜ್ಯದ ಕಾರ್ಮಿಕರನ್ನು ಊರಿಗೆ ಕಳಿಸುವ ರೈಲುಗಳನ್ನು ಕರ್ನಾಟಕ ಸರ್ಕಾರ ರದ್ದು ಮಾಡಿಸಿದ್ದು ಮುಖ್ಯಮಂತ್ರಿಗಳು ಕಟ್ಟಡ ಉದ್ಯಮಿಗಳ ಜೊತೆ ಸಭೆ ನಡೆಸಿದ ದಿನವೇ. ದೇಶವೆಲ್ಲ ಛೀಮಾರಿ ಹಾಕಿದ ಮೇಲೆ ಆ ನಿರ್ಧಾರವನ್ನು ಹಿಂತೆಗೆದುಕೊಳ್ಳಲಾಯಿತು. ಬೆಂಗಳೂರಿನಲ್ಲಿ ಒಡಿಶಾದವನ ಸ್ಥಿತಿ ಏನೋ ಪುಣೆಯಲ್ಲಿ ಯಾದಗಿರಿಯವನ ಸ್ಥಿತಿ ಅದೇ.

ವಿಮಾನ ನಗರದಿಂದ ಅದೇ ರಸ್ತೆಯಲ್ಲಿ ಪುಣೆಯ ಕಡೆಗೆ ತುಸು ಹಿಂದಕ್ಕೆ ಬಂದರೆ ಆಗಾಖಾನ್ ಅರಮನೆ. 1942ರ ಆಗಸ್ಟಿನಿಂದ 1944ರ ಮೇವರೆಗೆ ಗಾಂಧೀಜಿ ಅಲ್ಲಿ ಬಂಧಿಯಾಗಿದ್ದರು. ಮಹಾದೇವ ದೇಸಾಯಿ, ಕಸ್ತೂರಬಾ ಇಬ್ಬರೂ ಅಲ್ಲಿಯೇ ತೀರಿಕೊಂಡರು. ಕಂಪನಿಗಳ ಸಾಮಾಜಿಕ ಹೊಣೆಯ ಭಾಷಣಗಳಲ್ಲಿ ಗಾಂಧೀಜಿಯ ಧರ್ಮದರ್ಶಿತ್ವದ ತತ್ವವನ್ನು ಉಲ್ಲೇಖಿಸುವುದು ವಾಡಿಕೆ. ಆ ತತ್ವದ ಚರ್ಚೆ ನಡೆದ ಸ್ಥಳಗಳಲ್ಲಿ ಈ ಅರಮನೆಯೂ ಒಂದು. ಬಿಡುಗಡೆಯ ಬಳಿಕ ಕಿಶೋರಲಾಲ ಮಶ್ರುವಾಲಾ ಮತ್ತು ನರಹರಿ ಪಾರಿಖ್ ಅದನ್ನು ಕೆಲವೇ ಅಂಶಗಳ ಒಂದು ಸೂತ್ರವಾಗಿ ಬರೆದರು, ಗಾಂಧೀಜಿ ತಿದ್ದಿದರು. ಭಾಷಣಕಾರರು ಸಾಮಾನ್ಯವಾಗಿ ಹೇಳದೆ ಬಿಡುವ ಒಂದು ಅಂಶ ಅದರಲ್ಲಿದೆ: ಸಂಪತ್ತಿನ ಒಡೆತನವನ್ನೂ ಬಳಕೆಯನ್ನೂ ಶಾಸನದ ಮೂಲಕ ನಿಯಂತ್ರಿಸುವುದಕ್ಕೆ ಈ ತತ್ವ ಅಡ್ಡಿಯಲ್ಲ ಎಂಬುದು. ಕನಿಷ್ಠ ಜೀವನ ವೇತನವನ್ನು ಗೊತ್ತುಪಡಿಸುವ ಮಾತೂ, ಗರಿಷ್ಠ ಆದಾಯಕ್ಕೆ ಮಿತಿ ಹಾಕುವ ಮಾತೂ ಅಲ್ಲಿದೆ. ಗಾಂಧೀಜಿಯ ಹೆಸರು ಹೇಳುವವರು ಆ ಸೂತ್ರವನ್ನು ಪೂರ್ತಿ ಓದಿದರೆ ಒಳ್ಳೆಯದು.

ಮನೆ ಕೊಳ್ಳುವವನಿಗೆ ಈ ದೇಶದಲ್ಲಿ ಕೊನೆಗೂ ಒಂದು ಆಸರೆ ಸಿಕ್ಕಿದೆ. 2016ರ ರಿಯಲ್ ಎಸ್ಟೇಟ್ ಕಾಯಿದೆಯ ದೆಸೆಯಿಂದ ಮಹಾರಾಷ್ಟ್ರದಲ್ಲಿ ಪ್ರತಿ ಯೋಜನೆಗೂ ‘ಮಹಾರೇರಾ’ ನೋಂದಣಿ ಸಂಖ್ಯೆಯಿರುತ್ತದೆ. ಕೊಳ್ಳುವವನು ಕುಳಿತಲ್ಲಿಂದಲೇ ನಕ್ಷೆ, ಮಂಜೂರಾತಿ, ದಾವೆಗಳನ್ನೆಲ್ಲ ನೋಡಬಹುದು. ನಾವು ನೋಡುತ್ತೇವೆ ಕೂಡ, ನಮ್ಮ ಹಣದ ಪ್ರಶ್ನೆಯಾದ್ದರಿಂದ. ಇನ್ನೊಂದು ಕಾಗದ ಇದೆ, ಅದನ್ನು ನಾವು ಕೇಳುವುದಿಲ್ಲ. 20,000 ಚದರ ಮೀಟರು ಮತ್ತು ಅದಕ್ಕಿಂತ ದೊಡ್ಡ ಕಟ್ಟಡ ಯೋಜನೆಗಳಿಗೆ 2006ರ ಅಧಿಸೂಚನೆಯ ಪ್ರಕಾರ ಪರಿಸರ ಅನುಮತಿ ಬೇಕು. ಆ ಅನುಮತಿಪತ್ರದಲ್ಲಿ ಮರ, ನೀರು, ಧೂಳುಗಳ ಷರತ್ತುಗಳ ಜೊತೆಗೆ ಸಾಮಾನ್ಯವಾಗಿ ಇನ್ನೊಂದು ಷರತ್ತೂ ಇರುತ್ತದೆ: ಕಾಮಗಾರಿಯ ಕಾರ್ಮಿಕರಿಗೆ ವಸತಿ, ಅಡಿಗೆಗೆ ಇಂಧನ, ಶೌಚಾಲಯ, ಶುದ್ಧ ಕುಡಿಯುವ ನೀರು, ಆರೋಗ್ಯ ಸೇವೆ, ಶಿಶುಗೃಹ. ಈ ಷರತ್ತುಗಳನ್ನು ಪಾಲಿಸಿದ ಬಗ್ಗೆ ಕಂಪನಿ ಆರು ತಿಂಗಳಿಗೊಮ್ಮೆ ವರದಿ ಸಲ್ಲಿಸಬೇಕು. ಸುಸ್ಥಿರತೆ ಮತ್ತು ಕೂಲಿಯವಳ ಕೂಸು, ಇವೆರಡೂ ಬೇರೆ ಬೇರೆ ಅಧ್ಯಾಯಗಳಲ್ಲವೆಂದು ಸರ್ಕಾರದ ಕಾಗದವೇ ಒಪ್ಪಿಕೊಂಡಂತಾಯಿತು. ಹಸಿರು ಕಟ್ಟಡಗಳ ‘ಗ್ರಿಹ’ ಮಾನದಂಡದಲ್ಲಿಯೂ ಕಾರ್ಮಿಕರ ನೈರ್ಮಲ್ಯ ಮತ್ತು ಸುರಕ್ಷತೆಗೆ ಜಾಗವಿದೆ. ಮನೆ ಕೊಳ್ಳುವ ಮುನ್ನ ಮಾದರಿ ಫ್ಲಾಟಿನ ಅಡಿಗೆಮನೆಯನ್ನು ತೆರೆದು ನೋಡುವ ನಾವು ಆ ಅರ್ಧವಾರ್ಷಿಕ ವರದಿಯನ್ನೂ ಒಮ್ಮೆ ಕೇಳಬೇಕು. ಕೂಲಿಕಾರರ ವಸತಿ ಎಲ್ಲಿದೆ, ಅದರ ಹಿಂದಿನ ಗೋಡೆ ಎಂಥದು ಎಂದು ವಿಚಾರಿಸಬೇಕು. ಕೊಳ್ಳುವವರಲ್ಲಿ ಹತ್ತು ಮಂದಿ ಹೀಗೆ ಕೇಳಿದರೆ ಮಾರಾಟದ ಕಚೇರಿಯಲ್ಲಿ ಉತ್ತರ ಸಿದ್ಧವಾಗಿರುತ್ತದೆ. ಮಾರಾಟಗಾರರು ಕೊಳ್ಳುವವರ ಪ್ರಶ್ನೆಗೆ ಹೆದರಿದಷ್ಟು ಇನ್‌ಸ್ಪೆಕ್ಟರರಿಗೆ ಹೆದರಿದ್ದನ್ನು ನಾನು ಕಂಡಿಲ್ಲ.

ಸಂಘಗಳ ಪಾಲಿಗೆ ಬೇರೊಂದು ಕೆಲಸವಿದೆ. ಕಲ್ಯಾಣ ಮಂಡಳಿಯ ಫಲಾನುಭವಿಯಾಗಲು 18ರಿಂದ 60 ವರ್ಷದೊಳಗಿನವನಾಗಿದ್ದು, ಹಿಂದಿನ 12 ತಿಂಗಳಲ್ಲಿ 90 ದಿನ ಕಟ್ಟಡ ಕೆಲಸ ಮಾಡಿರಬೇಕೆಂಬುದು 1996ರ ಕಾಯಿದೆ ಹಾಕಿಕೊಟ್ಟ ಅಳತೆ. ಆ 90 ದಿನಗಳನ್ನು ಯಾರಾದರೂ ಬರೆದು ಸಹಿ ಮಾಡಿ ಕೊಡಬೇಕು. ಯಾದಗಿರಿಯಿಂದ ಬಂದವನಿಗೆ ಊರಿನಲ್ಲಿ 90 ದಿನಗಳ ಕೆಲಸವಿರುವುದಿಲ್ಲ, ಆದ್ದರಿಂದ ಕರ್ನಾಟಕದ ಮಂಡಳಿಯಲ್ಲಿ ಹೆಸರು ದಾಖಲಾಗುವುದು ಕಷ್ಟ. ಪುಣೆಯಲ್ಲಿ ಕೆಲಸವಿರುತ್ತದೆ, ಆದರೆ ಮುಕಾದಮ ಸಹಿ ಮಾಡುವುದಿಲ್ಲ. ಸಹಿ ಮಾಡಿದರೆ ಇವನು ತನ್ನ ಕೂಲಿಗಾರ ಎಂದು ಒಪ್ಪಿಕೊಂಡಂತಾಗುತ್ತದೆ. ಅರ್ಜಿ ಮರಾಠಿಯಲ್ಲಿ, ಆಧಾರ್ ಚೀಟಿಯ ವಿಳಾಸ ಕರ್ನಾಟಕದ್ದು, ಬ್ಯಾಂಕಿನ ಖಾತೆ ಸುರಪುರದಲ್ಲಿಯೋ ಚಿಂಚೋಳಿಯಲ್ಲಿಯೋ. ಎರಡು ರಾಜ್ಯಗಳಲ್ಲಿ ಅವನ ಬೆವರಿನ ಮೇಲೆ ಸೆಸ್ ಸಂಗ್ರಹವಾಗುತ್ತದೆ; ಎರಡರಲ್ಲಿಯೂ ಅವನಿಗೆ ಪುಸ್ತಕವಿಲ್ಲ. ಹೊಸ ಸಂಹಿತೆ, ರಾಜ್ಯ ಬದಲಾಯಿಸುವ ಕಟ್ಟಡ ಕಾರ್ಮಿಕನೊಂದಿಗೆ ಅವನ ಸೌಲಭ್ಯವೂ ಸಾಗುವಂತೆ ಯೋಜನೆ ರೂಪಿಸಬೇಕೆಂದು ಹೇಳಿದೆ. ಅದು ಕಾಗದದಿಂದ ಇಳಿದು ಬರಬೇಕಾದರೆ ಕೇಳುವವರಿರಬೇಕು, ಅರ್ಜಿ ತುಂಬಿಕೊಡುವವರಿರಬೇಕು.

ಹೊರನಾಡಿನಲ್ಲಿ ಶಾಲೆ ಕಟ್ಟಿ ನಡೆಸುವ ಶಕ್ತಿ ನಮ್ಮ ಸಂಘಗಳಿಗಿದೆ. ಪುಣೆಯ ಕನ್ನಡ ಸಂಘದ ಕಾವೇರಿ ವಿದ್ಯಾಸಂಸ್ಥೆಗಳೇ ಅದಕ್ಕೆ ನಿದರ್ಶನ. ಅದಕ್ಕೆ ಹೋಲಿಸಿದರೆ ಇದು ಸಣ್ಣ ಕೆಲಸ. ಕನ್ನಡ, ಮರಾಠಿ, ಆಗೀಗ ಲಂಬಾಣಿ ಮಾತು ಬಲ್ಲ ನಾಲ್ಕೈದು ನಿವೃತ್ತರು, ಒಂದು ಮೇಜು, ಅರ್ಜಿಗಳ ಒಂದು ಕಟ್ಟು, ಮತ್ತು ಗುತ್ತಿಗೆದಾರನ ಸಹಿಯ ಬದಲಿಗೆ ಕಂಪನಿಯ ಸಹಿಯನ್ನೇ ಕೇಳಿ ತರಬಲ್ಲ, ಅದೇ ಕಂಪನಿಯಲ್ಲಿ ದುಡಿಯುವ ನಮ್ಮ ಇಂಜಿನಿಯರು ಒಬ್ಬರು. ಹೋಗಬೇಕಾದದ್ದು ಖರ್ಚಿ ಬಟವಾಡೆಯಾಗುವ ಸಂಜೆ. ಆಗ ಎಲ್ಲರೂ ಬೇಲಿಯ ಬಾಗಿಲಲ್ಲೇ ಸಿಗುತ್ತಾರೆ.